ಸಮುದ್ರಕ್ಕೆ ಎಲ್ಲೆ ಹಾಕಿದ ದೇವರು: ಹಳೆಯ ಹೀಬ್ರೂ ಕಾವ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲಿನ ಹಳೆ ಒಡಂಬಡಿಕೆಯ ಪದ್ಯಗಳಲ್ಲಿ ದೇವರು ಸಮುದ್ರವನ್ನು ಗದರಿಸುತ್ತಾನೆ. ಕಡಲ ಹಾವಿನ ತಲೆ ಜಜ್ಜುತ್ತಾನೆ. ಅಲೆಗಳಿಗೆ "ಇಲ್ಲಿಗೆ ನಿಲ್ಲು" ಎನ್ನುತ್ತಾನೆ. ಇವನ್ನು ಓದಿದವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳುವವರಲ್ಲಿ ಭಕ್ತಿಯಿಂದ ಓದುವವರೂ ಇದ್ದಾರೆ, ಬರೀ ಕಾವ್ಯವೆಂದು ಓದುವವರೂ ಇದ್ದಾರೆ. ಪುಸ್ತಕಗಳ ಹೆಸರು ಕನ್ನಡ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಇರುವ ಹಾಗೆ ಇಟ್ಟಿದ್ದೇನೆ; ಕೀರ್ತನೆಗಳು ಅದರ ಹಾಡುಗಳ ಪುಸ್ತಕ. ಅಲ್ಲಲ್ಲಿ ಕೊಟ್ಟಿರುವ ಸಾಲುಗಳ ಕನ್ನಡ ನನ್ನದು.

## ಶುರು ಮಾಡುವವರಿಗೆ

ಅಲ್ಲೋಲಕಲ್ಲೋಲ ಅಂದ ತಕ್ಷಣ ಇವರಿಗೆ ಯಾಕೆ ಸಮುದ್ರವೇ ನೆನಪಾಗುತ್ತೆ?

ಹಳೆಯ ಇಸ್ರಾಯೇಲರು ಬೆಟ್ಟದ ಜನ. ಯೆಹೂದ ಮತ್ತು ಸಮಾರ್ಯದ ಗುಡ್ಡಗಳಲ್ಲಿ ದ್ರಾಕ್ಷಿ, ಆಲಿವ್ ಬೆಳೆದು, ಕುರಿ ಮೇಯಿಸಿ ಬದುಕಿದವರು. ಕರಾವಳಿಯ ಬಹುಪಾಲು ಫಿಲಿಷ್ಟಿಯರು ಮತ್ತು ಫಿನೀಷಿಯರ ಕೈಯಲ್ಲಿತ್ತು. ಕೀರ್ತನೆ 107ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನವರು ಕುಡಿದವರ ಹಾಗೆ ತೂರಾಡುತ್ತಾರೆ, ಅವರ ಜಾಣತನವೆಲ್ಲ ಮುಗಿದುಹೋಗುತ್ತದೆ. ಕಡಲನ್ನು ದೂರದಿಂದ ಕಂಡು ಹೆದರಿದ ಜನರ ಚಿತ್ರ ಅದು.

ಅವರಿಗೆ ಹತ್ತಿರದ ನೀರು ಅಂದರೆ ಹಳ್ಳ. ವರ್ಷದ ಬಹುಪಾಲು ಒಣಗಿರುತ್ತದೆ. ಚಳಿಗಾಲದಲ್ಲಿ ಎಲ್ಲೋ ಮೇಲೆ ಮಳೆ ಬಿದ್ದರೆ ಸಾಕು, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಕೆಳಗೆ ಪ್ರವಾಹ ನುಗ್ಗಿ ಬರುತ್ತದೆ. ಕೀರ್ತನೆ 69ರ "ನೀರು ಕುತ್ತಿಗೆವರೆಗೆ ಬಂದಿದೆ, ಕೆಸರಲ್ಲಿ ಕಾಲೂರಲು ಜಾಗವಿಲ್ಲ" ಎಂಬ ಕೂಗಿನ ಹಿಂದೆ ಈ ಅನುಭವ ಇದ್ದೀತು.

ಇದಕ್ಕಿಂತ ಮುಖ್ಯವಾದದ್ದು ಅವರ ಲೋಕದ ನಕ್ಷೆ. ಅವರ ಪ್ರಕಾರ ಭೂಮಿ ನೀರಿನ ಮೇಲೆ ನಿಂತಿದೆ (ಕೀರ್ತನೆ 24:2). ಆಕಾಶದ ಗುಮ್ಮಟದ ಆಚೆಗೂ ನೀರಿದೆ. ನಾವು ಬದುಕುವ ಒಣನೆಲ ಈ ಎರಡು ನೀರುಗಳ ನಡುವೆ ಯಾರೋ ಬಲವಾಗಿ ತೆರೆದು ಹಿಡಿದಿರುವ ಜಾಗ. ಆ ಹಿಡಿತ ಸಡಿಲವಾದರೆ ಎಲ್ಲ ಮುಗಿಯಿತು. ದೇವರ ಶಕ್ತಿಯ ಬಗ್ಗೆ ಈ ಕವಿಗಳು ಹೇಳುವುದೆಲ್ಲ ಈ ಹಿಡಿತದ ಬಗ್ಗೆಯೇ.

ಎಲ್ಲಿಂದ ಓದಲು ಶುರು ಮಾಡಲಿ?

ಕೀರ್ತನೆ 93ರಿಂದ. ಐದೇ ವಚನ. ಆಮೇಲೆ 29, 74, 89, 104. ಅಲ್ಲಿಂದ ಯೆಶಾಯ 51, ಹಬಕ್ಕೂಕ 3, ವಿಮೋಚನಕಾಂಡ 15. ಯೋಬನ ಪುಸ್ತಕದ 38ರಿಂದ 41ರವರೆಗಿನ ಅಧ್ಯಾಯಗಳನ್ನು ಕೊನೆಗೆ ಇಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಓದಿ ಬಂದವರಿಗೆ ಅವು ಜಾಸ್ತಿ ಕೊಡುತ್ತವೆ.

ಹೀಬ್ರೂ ಮುದ್ರಣದಲ್ಲಿ ವಚನಗಳ ಅಂಕಿ ಕೆಲವು ಕಡೆ ಒಂದೆರಡು ಮುಂದಿರುತ್ತದೆ. ಕೀರ್ತನೆಯ ಮೇಲಿನ ಶೀರ್ಷಿಕೆಯನ್ನೂ ಅಲ್ಲಿ ವಚನವಾಗಿ ಎಣಿಸುತ್ತಾರೆ, ಅಷ್ಟೇ. ಇಲ್ಲಿ ಕನ್ನಡ ಸತ್ಯವೇದದ ಅಂಕಿಗಳನ್ನೇ ಬಳಸಿದ್ದೇನೆ. ಈ ಪದ್ಯಗಳು ಕನ್ನಡಕ್ಕೆ ಬಂದು ಹೆಚ್ಚುಕಡಿಮೆ ಎರಡು ಶತಮಾನವಾಯಿತು. ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು 19ನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಕೂತು ಆ ಕೆಲಸ ಮಾಡಿದರು.

ರಹಬ್, ಲಿವ್ಯಾತಾನ್, ತನ್ನೀನ್ ಇವೆಲ್ಲ ಒಂದೇ ಪ್ರಾಣಿನಾ?

ಒಂದೇ ಕುಟುಂಬದವು ಅನ್ನಬಹುದು. ತನ್ನೀನ್ ಅಂದರೆ ಕಡಲ ಘಟಸರ್ಪ, ಜಾತಿಯ ಹೆಸರು. ಲಿವ್ಯಾತಾನ್ ಅದರಲ್ಲಿ ಒಂದು, ಸುರುಳಿ ಸುತ್ತಿಕೊಳ್ಳುವ ಹಾವು. ಕೀರ್ತನೆ 74ರಲ್ಲಿ ಅದಕ್ಕೆ ಒಂದಕ್ಕಿಂತ ಹೆಚ್ಚು ತಲೆ. ರಹಬ್ ಸಮುದ್ರದ ಸೊಕ್ಕಿಗೆ ಇಟ್ಟ ಹೆಸರು. ಯೋಬನ ಪುಸ್ತಕದಲ್ಲಿ ರಹಬಿಗೆ ಬೆಂಬಲಿಗರ ಪಡೆಯೇ ಇದೆ (9:13). ಈ ಮೂರರ ನಡುವೆ ಕವಿಗಳು ಗೆರೆ ಕೊರೆದಿಲ್ಲ. ಯೆಶಾಯ 51:9ರಲ್ಲಿ ರಹಬ್ ಮತ್ತು ತನ್ನೀನ್ ಒಂದೇ ಉಸಿರಿನಲ್ಲಿ ಬರುತ್ತವೆ.

ಬೈಬಲಿನ ಇನ್ನೊಂದು ಕಥೆಯಲ್ಲಿ ಬರುವ ಯೆರಿಕೋ ಪಟ್ಟಣದ ರಾಹಾಬ್ ಎಂಬ ಹೆಂಗಸಿಗೂ ಈ ರಹಬಿಗೂ ಸಂಬಂಧ ಇಲ್ಲ. ಹೀಬ್ರೂವಿನಲ್ಲಿ ಕಾಗುಣಿತವೇ ಬೇರೆ.

ಇದನ್ನ ಕಾವ್ಯ ಅಂತೀರಿ, ಪ್ರಾಸ ಎಲ್ಲೂ ಕಾಣಲ್ಲವಲ್ಲ?

ಪ್ರಾಸ ಇಲ್ಲ ನಿಜ. ಆದಿಪ್ರಾಸ, ಮಾತ್ರಾಗಣ ಕೇಳಿ ಬೆಳೆದ ಕಿವಿಗೆ ಮೊದಲು ಬರೀ ಗದ್ಯದ ಹಾಗೆ ಕೇಳಿಸಬಹುದು. ಇಲ್ಲಿ ಲಯ ಹುಟ್ಟುವುದು ಸಾಲು ಸಾಲಿನ ಜೋಡಿಯಿಂದ. ಒಂದು ಸಾಲು ಒಂದು ಮಾತು ಹೇಳುತ್ತದೆ. ಮುಂದಿನ ಸಾಲು ಅದನ್ನೇ ಎತ್ತಿಕೊಂಡು ಒಂದು ಹೆಜ್ಜೆ ಮುಂದೆ ಇಡುತ್ತದೆ. ಕೀರ್ತನೆ 93ರ ಮೂರನೇ ವಚನ ನೋಡಿ (ಯೆಹೋವ ಅಂದರೆ ಇಸ್ರಾಯೇಲರ ದೇವರ ಹೆಸರು):

ಎತ್ತಿದವು ನದಿಗಳು, ಯೆಹೋವನೇ,
ಎತ್ತಿದವು ನದಿಗಳು ತಮ್ಮ ದನಿ,
ಎತ್ತುತ್ತಲೇ ಇವೆ ನದಿಗಳು ತಮ್ಮ ಬಡಿತ.

ಮೊದಲ ಸಾಲಿನಲ್ಲಿ ನದಿಗಳು ಏನನ್ನು ಎತ್ತಿದವು ಎಂದು ಗೊತ್ತಾಗುವುದಿಲ್ಲ. ಎರಡನೇ ಸಾಲಿಗೆ ದನಿ ಬರುತ್ತದೆ. ಮೂರನೇ ಸಾಲಿಗೆ ಅಪ್ಪಳಿಸುವ ಹೊಡೆತ. ಕ್ರಿಯಾಪದ ಕೂಡ ಬದಲಾಗುತ್ತದೆ. ಮೊದಲ ಎರಡು ಆಗಿಹೋದದ್ದು, ಮೂರನೆಯದು ಇನ್ನೂ ಆಗುತ್ತಿರುವುದು. ಅಲೆ ಮೂರು ಸಲ ಬಂದು ಬಡಿಯಿತು, ಅಲ್ವಾ? ಇಷ್ಟಾದ ಮೇಲೆ ನಾಲ್ಕನೇ ವಚನದಲ್ಲಿ ಕವಿ ಹೇಳುತ್ತಾನೆ: ಈ ಎಲ್ಲ ನೀರಿನ ಮೊರೆತಕ್ಕಿಂತ ಎತ್ತರದಲ್ಲಿರುವ ಯೆಹೋವನು ಬಲಿಷ್ಠ. ಮೊದಲು ನೀರಿಗೆ ಪೂರ್ತಿ ದನಿ ಕೊಟ್ಟು, ಆಮೇಲೆ ಅದನ್ನು ಮೀರಿದವನ ಹೆಸರು ಎತ್ತುವ ಈ ಧೈರ್ಯ ನನಗೆ ಬಹಳ ಇಷ್ಟ. ಎದುರಾಳಿಯನ್ನು ಚಿಕ್ಕದಾಗಿ ತೋರಿಸಿ ಗೆಲುವನ್ನು ದೊಡ್ಡದು ಮಾಡಿಲ್ಲ.

## ಅಕ್ಕಪಕ್ಕದ ಕಥೆಗಳು

ಎಲ್ಲರೂ ಉಗಾರಿತ್ ಉಗಾರಿತ್ ಅಂತಾರೆ. ಅಲ್ಲಿ ಅಂಥದ್ದು ಏನು ಸಿಕ್ಕಿತು?

1928ರಲ್ಲಿ ಸಿರಿಯಾದ ಕರಾವಳಿಯಲ್ಲಿ, ಲತಾಕಿಯಾ ಪಟ್ಟಣದ ಹತ್ತಿರ, ಒಬ್ಬ ರೈತನ ನೇಗಿಲಿಗೆ ಕಲ್ಲು ಸಿಕ್ಕಿತು. ಅದು ಹಳೆಯ ಗೋರಿಯ ಚಪ್ಪಡಿ. ಮರುವರ್ಷ ಫ್ರಾನ್ಸಿನ ಕ್ಲೋಡ್ ಶೇಫರ್ ಮುಂದಾಳತ್ವದಲ್ಲಿ ಅಗೆತ ಶುರುವಾಯಿತು. ಪಕ್ಕದ ರಾಸ್ ಶಮ್ರಾ ದಿಬ್ಬದ ಕೆಳಗೆ ಉಗಾರಿತ್ ಎಂಬ ನಗರ ಮಲಗಿತ್ತು. ಮಣ್ಣಿನ ಹಲಗೆಗಳು ಸಿಕ್ಕವು. ಅವುಗಳ ಮೇಲೆ ಯಾರೂ ಕಂಡಿರದ ಲಿಪಿ, 30 ಅಕ್ಷರ. ಹಾನ್ಸ್ ಬಾವರ್, ಎಡ್ವಾರ್ ದೋರ್ಮ್, ಶಾರ್ಲ್ ವಿರೋಲೋ ಎಂಬ ಮೂವರ ಕೆಲಸದಿಂದ 1930ರ ಹೊತ್ತಿಗೇ ಅದನ್ನು ಓದಲು ಸಾಧ್ಯವಾಯಿತು. ಭಾಷೆ ಹೀಬ್ರೂವಿಗೆ ಹತ್ತಿರದ ನೆಂಟ.

ಆ ಹಲಗೆಗಳಲ್ಲಿ ಆರು ಸೇರಿ ಬಾಳನ ಕಥೆ. ಬರೆದ ಲಿಪಿಕಾರನ ಹೆಸರು ಇಲಿಮಿಲ್ಕು. ಬಾಳ್ ಗುಡುಗು ಮಳೆಯ ದೇವರು. ಅವನ ಎದುರಾಳಿ ಯಮ್ಮು, ಅಂದರೆ ಸಮುದ್ರ; "ನದಿ ನ್ಯಾಯಾಧಿಪತಿ" ಎಂಬ ಇನ್ನೊಂದು ಹೆಸರೂ ಅವನಿಗಿದೆ. ಕುಶಲಕರ್ಮಿ ದೇವರು ಬಾಳನಿಗೆ ಎರಡು ದೊಣ್ಣೆ ಮಾಡಿಕೊಡುತ್ತಾನೆ. ಮೊದಲ ದೊಣ್ಣೆಯ ಏಟಿಗೆ ಸಮುದ್ರ ಜಗ್ಗುವುದಿಲ್ಲ. ಎರಡನೆಯದು ನೆತ್ತಿಗೆ ಬಿದ್ದು ಯಮ್ಮು ಉರುಳುತ್ತಾನೆ. ಬಾಳ್ ರಾಜನಾಗುತ್ತಾನೆ, ಅವನಿಗೆ ಅರಮನೆ ಕಟ್ಟುತ್ತಾರೆ.

ಬೈಬಲ್ ಓದಿದವರು ಬೆಚ್ಚಿದ್ದು ಇನ್ನೊಂದು ಸಾಲಿಗೆ. ಸಾವಿನ ದೇವರು ಮೋತ್ ಬಾಳನಿಗೆ ಹೇಳುತ್ತಾನೆ: ನೀನು ಓಡುವ ಹಾವು ಲಿತಾನನ್ನು ಹೊಡೆದೆ, ಸುತ್ತಿಕೊಳ್ಳುವ ಹಾವನ್ನು ಮುಗಿಸಿದೆ, ಏಳು ತಲೆಯ ಬಲಶಾಲಿಯನ್ನು. ಯೆಶಾಯ 27:1ರಲ್ಲಿ ಯೆಹೋವನು ದಂಡಿಸುವುದು ಯಾರನ್ನು? ಓಡುವ ಹಾವಾದ ಲಿವ್ಯಾತಾನನ್ನು, ಸುತ್ತಿಕೊಳ್ಳುವ ಹಾವಾದ ಲಿವ್ಯಾತಾನನ್ನು. ಎರಡು ವಿಶೇಷಣವೂ ಅವೇ, ಬಂದ ಕ್ರಮವೂ ಅದೇ. ಕೀರ್ತನೆ 74ರ ಹಾವಿಗೆ ಹಲವು ತಲೆ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು.

ಹಾಗಾದ್ರೆ ಹೀಬ್ರೂ ಕವಿಗಳು ಬಾಳನ ಕಥೆ ಕದ್ದರಾ?

ಕದಿಯುವುದು ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ. ಉಗಾರಿತ್ ಕ್ರಿ.ಪೂ. 1185ರ ಸುಮಾರಿಗೆ ಸುಟ್ಟು ಮಣ್ಣಾಯಿತು. ನಾವು ಓದುವ ಕೀರ್ತನೆಗಳು ಅದಕ್ಕಿಂತ ಶತಮಾನಗಳ ನಂತರದವು. ಯಾವ ಹೀಬ್ರೂ ಕವಿಯೂ ಆ ಹಲಗೆಗಳನ್ನು ಕಂಡಿಲ್ಲ. ಒಂದೇ ಸೀಮೆಯ ಜನ, ನೆಂಟ ಭಾಷೆಗಳು, ಬಾಯಿಂದ ಬಾಯಿಗೆ ಬಂದ ಹಾಡಿನ ಸೊತ್ತು. ಆ ಸೊತ್ತಿನಲ್ಲಿ ಇವರಿಗೂ ಪಾಲಿತ್ತು.

ಪಾಲು ತೆಗೆದುಕೊಂಡು ಏನು ಮಾಡಿದರು ಅನ್ನುವುದೇ ಸ್ವಾರಸ್ಯ. ಬಾಳ್ ಮೋಡದ ಮೇಲೆ ಸವಾರಿ ಮಾಡುವವನು. ಕೀರ್ತನೆ 104ರಲ್ಲಿ ಮೋಡವೇ ಯೆಹೋವನ ರಥ. ಬಾಳನ ಬೆಟ್ಟ ಉತ್ತರದ ಸಾಫೋನ್. ಕೀರ್ತನೆ 48ರಲ್ಲಿ ಆ ಹೆಸರು ಜೆರುಸಲೇಮಿನ ಚಿಯೋನ್ ಬೆಟ್ಟಕ್ಕೆ ಬರುತ್ತದೆ. ಬಾಳನಿಗೆ ಬೇರೆ ದೇವರು ಮಾಡಿಕೊಟ್ಟ ಆಯುಧ ಬೇಕು, ಅರಮನೆ ಕಟ್ಟಲು ಹಿರಿಯ ದೇವರ ಅಪ್ಪಣೆ ಬೇಕು. ಯೆಹೋವನು ಯಾರನ್ನೂ ಕೇಳುವುದಿಲ್ಲ. ಹಾಗೆಂದು "ಹೀಬ್ರೂ ಕಾವ್ಯದಲ್ಲಿ ಕಾದಾಟವೇ ಇಲ್ಲ, ಬರೀ ಮಾತಿನಿಂದ ಎಲ್ಲ ಆಗುತ್ತೆ" ಎಂದು ಕೆಲವರು ಹೇಳುವುದು ಸರಿಯಲ್ಲ. ಕೀರ್ತನೆ 74, 89 ಓದಿ. ತಲೆ ಜಜ್ಜಿದ್ದು, ಚೂರು ಮಾಡಿದ್ದು, ಹೆಣವನ್ನು ಮರುಭೂಮಿಯ ಜೀವಿಗಳಿಗೆ ತಿನ್ನಲು ಕೊಟ್ಟದ್ದು, ಎಲ್ಲ ಅಲ್ಲಿದೆ.

ಬಾಬಿಲೋನಿನ ಸೃಷ್ಟಿಕಥೆಯೇ ಮೂಲ ಅಂತ ಓದಿದ್ದೆ. ಸರಿನಾ?

ಹಿಂದೆ ಹಾಗೆ ನಂಬಿದ್ದರು. ನಿನೆವೆಯಲ್ಲಿ ಅಶ್ಶೂರದ ರಾಜ ಅಶುರ್ಬನಿಪಾಲನ ಗ್ರಂಥಭಂಡಾರದಲ್ಲಿ ಸಿಕ್ಕ ಕಥೆಯನ್ನು ಜಾರ್ಜ್ ಸ್ಮಿತ್ 1876ರಲ್ಲಿ ಪ್ರಕಟಿಸಿದರು. ಅದರಲ್ಲಿ ಮರ್ದುಕ್ ದೇವರು ಕಡಲ ತಾಯಿ ತಿಯಾಮತಳನ್ನು ಕೊಂದು, ಒಣಮೀನು ಸೀಳಿದಂತೆ ಸೀಳಿ, ಅರ್ಧದಿಂದ ಆಕಾಶ ಮಾಡುತ್ತಾನೆ. 1895ರಲ್ಲಿ ಜರ್ಮನಿಯ ಹರ್ಮನ್ ಗುಂಕೆಲ್ ಇದನ್ನು ಬೈಬಲಿನ ಘಟಸರ್ಪದ ಸಾಲುಗಳ ಪಕ್ಕ ಇಟ್ಟು, ಈ ಕಥೆ ಬಾಬಿಲೋನಿನಿಂದ ಬಂದದ್ದು ಎಂದು ವಾದಿಸಿದರು. ಆಗ ಉಗಾರಿತ್ ಇನ್ನೂ ಮಣ್ಣಿನ ಕೆಳಗಿತ್ತು. ಅದು ಸಿಕ್ಕ ಮೇಲೆ ಹೆಚ್ಚಿನ ವಿದ್ವಾಂಸರ ಕಣ್ಣು ಹತ್ತಿರದ ಕಾನಾನ್ (ಇಸ್ರಾಯೇಲ್ ಮತ್ತು ಅದರ ಸುತ್ತಲಿನ ಸೀಮೆ) ಕರಾವಳಿಯ ಕಡೆ ತಿರುಗಿತು.

ಆದಿಕಾಂಡದ ಮೊದಲ ಅಧ್ಯಾಯದಲ್ಲಂತೂ ಕಾದಾಟದ ಸುಳಿವಿಲ್ಲ. ಆಳವಾದ ನೀರಿದೆ, ಕತ್ತಲಿದೆ, ಆದರೆ ಅವು ಎದುರಿಸುವುದಿಲ್ಲ. ಐದನೇ ದಿನ ದೊಡ್ಡ ತನ್ನೀನ್‌ಗಳನ್ನೂ ದೇವರೇ ಸೃಷ್ಟಿಸುತ್ತಾನೆ. ಮೀನು, ಹಕ್ಕಿಗಳ ಜೊತೆ ಅವೂ ಒಂದು.

ಇಂದ್ರ ವೃತ್ರನನ್ನು ಕೊಂದ ಕಥೆ ನೆನಪಾಗುತ್ತೆ. ಸಂಬಂಧ ಇದೆಯಾ?

ನೆನಪಾಗುವುದು ಸಹಜ. ಗುಡುಗಿನ ದೇವರು, ಹಾವು, ನೀರು ಎಲ್ಲವೂ ಎರಡು ಕಡೆ ಇವೆ. ಈಗಿನ ಟರ್ಕಿಯಲ್ಲಿದ್ದ ಹಳೆಯ ಜನಾಂಗವಾದ ಹಿಟ್ಟೈಟರಲ್ಲೂ ಬಿರುಗಾಳಿಯ ದೇವರು ಇಲ್ಲುಯಾಂಕ ಎಂಬ ಹಾವಿನೊಂದಿಗೆ ಕಾದುತ್ತಾನೆ. ಆದರೆ ಋಗ್ವೇದದ 1.32ನೇ ಸೂಕ್ತ ಓದಿದರೆ ದಿಕ್ಕೇ ಬೇರೆ. ಅಲ್ಲಿ ವೃತ್ರ ನೀರನ್ನು ತಡೆದು ಕೂತಿದ್ದಾನೆ. ಇಂದ್ರ ಅವನನ್ನು ಕೊಂದು ನೀರನ್ನು ಹರಿಯಬಿಡುತ್ತಾನೆ. ನೀರು ಅಲ್ಲಿ ಸೆರೆಯಾದ ಸಂಪತ್ತು. ಹೀಬ್ರೂ ಪದ್ಯಗಳಲ್ಲಿ ನೀರೇ ಅಪಾಯ, ಅದನ್ನು ತಡೆಯುವುದೇ ದೇವರ ಕೆಲಸ. ಮೇಲುನೋಟದ ಹೋಲಿಕೆಯಿಂದ ನೆಂಟಸ್ತಿಕೆ ಕಟ್ಟಬೇಕಿಲ್ಲ. ಎರಡನ್ನೂ ಅದರದರ ಊರಿನಲ್ಲಿ ಓದಿದರೆ ಎರಡೂ ಚೆನ್ನಾಗಿ ಕಾಣುತ್ತವೆ.

ಕೀರ್ತನೆ 104 ಈಜಿಪ್ಟಿನ ಸೂರ್ಯಸ್ತೋತ್ರದ ನಕಲು ಅಂತಾರಲ್ಲ?

ಹೋಲಿಕೆ ಇದೆ, ನಕಲಲ್ಲ. ಕ್ರಿ.ಪೂ. 14ನೇ ಶತಮಾನದ ರಾಜ ಅಖೆನಾತೆನನ ಕಾಲದ ಆ ಸ್ತೋತ್ರ ಅಮರ್ನಾದಲ್ಲಿ ಆಯ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲಿದೆ. ರಾತ್ರಿ ಸಿಂಹಗಳು ಹೊರಬರುವುದು, ಬೆಳಗಾದರೆ ಜನ ಕೆಲಸಕ್ಕೆ ಹೋಗುವುದು ಎರಡರಲ್ಲೂ ಇದೆ. ಸ್ತೋತ್ರದಲ್ಲಿ ಸೂರ್ಯನಿಲ್ಲದ ರಾತ್ರಿ ಸಾವಿನ ಹಾಗೆ. ಕೀರ್ತನೆಯಲ್ಲಿ ರಾತ್ರಿಯೂ ದೇವರದ್ದೇ, ಸಿಂಹದ ಮರಿಗಳು ಗರ್ಜಿಸುತ್ತಾ ಅವನಿಂದಲೇ ಊಟ ಕೇಳುತ್ತವೆ. ಇನ್ನು ಗದರಿಕೆಗೆ ಹೆದರಿ ಬೆಟ್ಟ ಹತ್ತಿ ಕಣಿವೆ ಇಳಿದು ಓಡುವ ನೀರು, ಅದಕ್ಕೆ ಹಾಕಿದ ಎಲ್ಲೆ, ಇದು ನೈಲ್ ದಡದ ಮಾತಲ್ಲ. ಕಾನಾನಿನ ಕಡೆಯದು.

## ಹತ್ತಿರದಿಂದ ನೋಡಿದರೆ

ಕೀರ್ತನೆ 29ರಲ್ಲಿ "ಯೆಹೋವನ ಧ್ವನಿ" ಅಂತ ಯಾಕೆ ಅಷ್ಟು ಸಲ ಬರುತ್ತೆ?

ಏಳು ಸಲ. ಏಳು ಗುಡುಗು. ಇದು ನಿಜವಾದ ಒಂದು ಬಿರುಮಳೆಯ ದಾರಿ. ಆ ಸೀಮೆಯಲ್ಲಿ ಮಳೆ ಚಳಿಗಾಲದಲ್ಲಿ ಪಶ್ಚಿಮದ ಮೆಡಿಟರೇನಿಯನ್ ಕಡಲಿನಿಂದ ಬರುತ್ತದೆ. ಪದ್ಯದಲ್ಲೂ ಮೊದಲ ಗುಡುಗು ನೀರಿನ ಮೇಲೆ. ಆಮೇಲೆ ಅದು ನೆಲಕ್ಕೆ ಬರುತ್ತದೆ, ಲೆಬನೋನಿನ ದೇವದಾರುಗಳನ್ನು ಮುರಿಯುತ್ತದೆ. ಬೆಟ್ಟಗಳೇ ನಡುಗಿ, ಲೆಬನೋನ್ ಕರುವಿನಂತೆ, ಸಿರ್ಯೋನ್ ಕಾಡುಕೋಣದ ಮರಿಯಂತೆ ನೆಗೆಯುತ್ತವೆ. ಸಿರ್ಯೋನ್ ಅಂದರೆ ಹೆರ್ಮೋನ್ ಬೆಟ್ಟ, 2,814 ಮೀಟರ್ ಎತ್ತರ, ತಿಂಗಳುಗಟ್ಟಲೆ ಹಿಮ ಹೊದ್ದಿರುತ್ತದೆ. ಮಿಂಚು ಸೀಳುತ್ತದೆ. ಕೊನೆಗೆ ಕಾದೇಶಿನ ಮರಳುಗಾಡು ನಡುಗುತ್ತದೆ.

ಇಷ್ಟೆಲ್ಲ ಗದ್ದಲದ ನಡುವೆ ಜನರ ಸುಳಿವೇ ಇಲ್ಲ. ಮರ, ಬೆಟ್ಟ, ಬೆಂಕಿ, ಮರಳು ಮಾತ್ರ. ಹತ್ತನೇ ವಚನದಲ್ಲಿ ಯೆಹೋವನು ಪ್ರಳಯದ ನೀರಿನ ಮೇಲೆ ಸಿಂಹಾಸನ ಹಾಕಿ ಕೂತಿದ್ದಾನೆ. ಹನ್ನೊಂದರಲ್ಲಿ ಮೊದಲ ಬಾರಿಗೆ ಜನ ಬರುತ್ತಾರೆ, ಅವರಿಗೆ ಅವನು ಬಲ ಕೊಡುತ್ತಾನೆ, ಶಾಂತಿ ಕೊಡುತ್ತಾನೆ. ಪದ್ಯದ ಕೊನೆಯ ಪದವೇ ಶಾಲೋಮ್. 1935ರಲ್ಲಿ ಎಚ್. ಎಲ್. ಗಿನ್ಸ್‌ಬರ್ಗ್ ಎಂಬ ವಿದ್ವಾಂಸರು ಇದು ಮೂಲದಲ್ಲಿ ಬಾಳನ ಹಾಡಾಗಿತ್ತು ಎಂದು ಸೂಚಿಸಿದರು. ಇರಬಹುದು, ಇಲ್ಲದಿರಬಹುದು. ಯೆಹೂದಿಗಳು ಇಂದಿಗೂ ವಾರದ ವಿಶ್ರಾಂತಿ ದಿನವಾದ ಸಬ್ಬತ್ತನ್ನು ಬರಮಾಡಿಕೊಳ್ಳುವ ಶುಕ್ರವಾರದ ಸಂಜೆ ಇದನ್ನು ಹಾಡುತ್ತಾರೆ.

ಕೆಂಪು ಸಮುದ್ರದ ಹಾಡಿನಲ್ಲಿ ಸಮುದ್ರ ಶತ್ರುವೇ ಅಲ್ಲ ಅಲ್ವಾ?

ಅಲ್ಲ, ಚೆನ್ನಾಗಿ ಗಮನಿಸಿದ್ದೀರಿ. ವಿಮೋಚನಕಾಂಡ 15 ಹೀಬ್ರೂವಿನ ಬಹಳ ಹಳೆಯ ಪದ್ಯಗಳಲ್ಲಿ ಒಂದು. ಅದರಲ್ಲಿ ಶತ್ರು ಫರೋಹ, ಗುಲಾಮಗಿರಿಯಿಂದ ಹೊರಟ ಇಸ್ರಾಯೇಲರನ್ನು ಅಟ್ಟಿಬಂದ ಐಗುಪ್ತದ (ಈಜಿಪ್ಟಿನ) ರಾಜ. ಸಮುದ್ರ ದೇವರ ಕೈಯ ಆಯುಧ ಮಾತ್ರ. ಅವನು ಊದುತ್ತಾನೆ, ನೀರು ರಾಶಿಯಾಗಿ ನಿಲ್ಲುತ್ತದೆ. ಮತ್ತೆ ಊದುತ್ತಾನೆ, ಸೇನೆ ಸೀಸದ ಹಾಗೆ ಮುಳುಗುತ್ತದೆ.

ಮುಂದಿನ ಕವಿಗಳು ಇದನ್ನೂ ಹಳೆಯ ಘಟಸರ್ಪದ ಕಥೆಯನ್ನೂ ಸೇರಿಸಿ ಹೊಲಿದರು. ಯೆಶಾಯ 51ರಲ್ಲಿ ರಹಬನ್ನು ಕಡಿದ ಕೈ ಮತ್ತು ಬಿಡುಗಡೆಯಾದವರಿಗೆ ಸಮುದ್ರದಲ್ಲಿ ದಾರಿ ಮಾಡಿದ ಕೈ ಒಂದೇ. ರಹಬ್ ಐಗುಪ್ತಕ್ಕೆ ಅಡ್ಡಹೆಸರೂ ಆಯಿತು (ಯೆಶಾಯ 30:7, ಕೀರ್ತನೆ 87:4). ಯೆಹೆಜ್ಕೇಲನು ಫರೋಹನನ್ನು ನೈಲ್ ನದಿಯಲ್ಲಿ ಬಿದ್ದುಕೊಂಡಿರುವ ಘಟಸರ್ಪ ಎಂದು ಕರೆಯುತ್ತಾನೆ, ದವಡೆಗೆ ಗಾಳ ಹಾಕಿಸುತ್ತಾನೆ. ಕೀರ್ತನೆ 114ರಲ್ಲಿ ಸಮುದ್ರ ಕಂಡೊಡನೆ ಓಡುತ್ತದೆ, ಕವಿ ಅದನ್ನು ನಿಲ್ಲಿಸಿ "ನಿನಗೇನಾಯ್ತು ಸಮುದ್ರವೇ, ಯಾಕೆ ಓಡುತ್ತೀಯ?" ಎಂದು ಕೇಳುತ್ತಾನೆ.

ದೇವರು ಆಗಲೇ ಗೆದ್ದಾಗಿದೆ ಅಂದ್ರೆ, ಮತ್ತೆ "ಏಳು, ಎಚ್ಚರವಾಗು" ಅಂತ ಯಾಕೆ ಕೂಗ್ತಾರೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಘಟಸರ್ಪವನ್ನು ಕೊಂದ ಕಥೆಯನ್ನು ಈ ಕವಿಗಳು ಅತಿ ಜೋರಾಗಿ ಹಾಡುವುದು ಗೆದ್ದ ದಿನ ಅಲ್ಲ, ಸೋತ ದಿನ.

ಕೀರ್ತನೆ 74 ತೆಗೆದುಕೊಳ್ಳಿ. ದೇವಾಲಯ ಹಾಳಾಗಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮನ್ನು ಸುಟ್ಟ ನೆನಪು ಅದು ಎಂದು ಹೆಚ್ಚಿನವರು ಓದುತ್ತಾರೆ. ಕವಿ ವಿವರವಾಗಿ ಹೇಳುತ್ತಾನೆ: ಕಾಡಲ್ಲಿ ಮರ ಕಡಿಯುವವರ ಹಾಗೆ ಕೊಡಲಿ ಎತ್ತಿ ಬಂದರು, ಕೆತ್ತನೆಯ ಹಲಗೆಗಳನ್ನೆಲ್ಲ ಸುತ್ತಿಗೆಯಿಂದ ಪುಡಿ ಮಾಡಿದರು. ಈಗ ಪ್ರವಾದಿ ಇಲ್ಲ. ಎಷ್ಟು ಕಾಲ ಹೀಗೆ ಎಂದು ಬಲ್ಲವರೂ ಇಲ್ಲ. ಆಮೇಲೆ ನೇರ ಪ್ರಶ್ನೆ: ನಿನ್ನ ಬಲಗೈಯನ್ನು ಯಾಕೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೀಯ?

ಈ ಪ್ರಶ್ನೆಯ ಬೆನ್ನಿಗೇ ಸಮುದ್ರದ ಕಥೆ ಬರುತ್ತದೆ. ಸಮುದ್ರವನ್ನು ಸೀಳಿದ್ದು ನೀನು. ಲಿವ್ಯಾತಾನಿನ ತಲೆಗಳನ್ನು ಜಜ್ಜಿದ್ದು ನೀನು. ಬುಗ್ಗೆ ತೆರೆದದ್ದು ನೀನು, ನದಿ ಬತ್ತಿಸಿದ್ದು ನೀನು. ಸೂರ್ಯನನ್ನು ನಿಲ್ಲಿಸಿದ್ದು, ಭೂಮಿಗೆ ಎಲ್ಲೆ ಇಟ್ಟದ್ದು, ಬೇಸಿಗೆ ಚಳಿಗಾಲ ಮಾಡಿದ್ದು ನೀನು. 13ರಿಂದ 17ನೇ ವಚನದೊಳಗೆ "ನೀನು" ಎಂದು ಒತ್ತಿ ಹೇಳುವುದು ಏಳು ಸಲ. ಮೇಲೆ ಮೇಲೆ ಓದಿದರೆ ಸ್ತುತಿ. ಜಾಗ ನೋಡಿ ಓದಿದರೆ ತಗಾದೆ. ಊರ ಹಿರಿಯರ ಮುಂದೆ ನಿಂತು "ಅವತ್ತು ನಮ್ಮಪ್ಪನ ಬೆನ್ನಿಗೆ ನಿಂತವರು ನೀವೇ ಅಲ್ವಾ?" ಎಂದು ಕೇಳುವವನ ದನಿ ಇದರಲ್ಲಿದೆ. ಹೊಗಳಿಕೆ ನಿಜ, ಅದರೊಳಗಿನ ಹಕ್ಕೊತ್ತಾಯವೂ ನಿಜ.

ಕೀರ್ತನೆ 74ರಲ್ಲಿ ಇದಕ್ಕೆ ಉತ್ತರ ಬರುವುದಿಲ್ಲ. ಕೊನೆಯ ವಚನದಲ್ಲಿ ಶತ್ರುಗಳ ಗದ್ದಲ ಇನ್ನೂ ಏರುತ್ತಲೇ ಇದೆ. ಯೆಶಾಯ 51ರಲ್ಲಿ "ಏಳು, ಏಳು, ಯೆಹೋವನ ಬಾಹುವೇ" ಎಂದು ಕೂಗಿದರೆ, ಕೆಲವೇ ವಚನಗಳ ನಂತರ ಮಾತು ತಿರುಗಿ ಬರುತ್ತದೆ: "ಎಚ್ಚರವಾಗು, ಎಚ್ಚರವಾಗು, ಜೆರುಸಲೇಮೇ, ನೀನು ಏಳು." ಎಬ್ಬಿಸಲು ಹೋದವರನ್ನೇ ದೇವರು ಎಬ್ಬಿಸುತ್ತಾನೆ.

ಸಮುದ್ರವನ್ನು ಕೊಂದನಾ, ಕಟ್ಟಿಹಾಕಿದನಾ?

ಎರಡು ಧಾಟಿಯ ಪದ್ಯಗಳೂ ಇವೆ, ಒಂದಕ್ಕೊಂದು ತಾಳೆ ಹಾಕಬೇಕಿಲ್ಲ. 74, 89ರಲ್ಲಿ ಕೊಲೆ. ಯೆರೆಮೀಯ 5:22ರಲ್ಲಿ ಮರಳೇ ಬೇಲಿ, ಅಲೆಗಳು ಎಷ್ಟು ಮೊರೆದರೂ ದಾಟಲಾರವು. ಯೆಶಾಯ 27ರಲ್ಲಿ ಕೊಲ್ಲುವುದು ಇನ್ನು ಮುಂದೆ, "ಆ ದಿನ".

ಯೋಬ 38 ಇವೆಲ್ಲವನ್ನೂ ಮೀರಿದ ಚಿತ್ರ ಕೊಡುತ್ತದೆ. ಸಮುದ್ರ ಅಲ್ಲಿ ಗರ್ಭದಿಂದ ನುಗ್ಗಿ ಬಂದ ಕೂಸು. ದೇವರು ಅದಕ್ಕೆ ಮೋಡದ ಬಟ್ಟೆ ಉಡಿಸುತ್ತಾನೆ, ಕಾರ್ಗತ್ತಲೆಯನ್ನು ಸುತ್ತುಬಟ್ಟೆಯಾಗಿ ಸುತ್ತುತ್ತಾನೆ. ಆಮೇಲೆ ಬಾಗಿಲು, ಅಗುಳಿ ಇಟ್ಟು, "ಇಲ್ಲಿವರೆಗೆ ಬಾ, ಮುಂದೆ ಬರಬೇಡ, ನಿನ್ನ ಸೊಕ್ಕಿನ ಅಲೆಗಳು ಇಲ್ಲೇ ನಿಲ್ಲಲಿ" ಎನ್ನುತ್ತಾನೆ. ಕತ್ತಿ ಇಲ್ಲ, ದೊಣ್ಣೆ ಇಲ್ಲ. ಬಾಣಂತಿಯ ಕೋಣೆಯ ಕೆಲಸ. ಆದರೂ ಬಾಗಿಲಿಗೆ ಅಗುಳಿ ಬೇಕಾಗಿದೆ ಅನ್ನುವುದನ್ನು ಕವಿ ಬಚ್ಚಿಡುವುದಿಲ್ಲ. ಕೂಸು ತುಂಟ, ಬಲಶಾಲಿ. ಅದನ್ನು ಕಾಯುತ್ತಲೇ ಇರಬೇಕು.

ಈ ಕಾವಲನ್ನೇ ಹಿಡಿದು ಯೋಬ ಮೊದಲೇ ಜಗಳ ತೆಗೆದಿದ್ದ (7:12): "ನಾನೇನು ಸಮುದ್ರವೇ, ಘಟಸರ್ಪವೇ, ನನಗೆ ಕಾವಲು ಹಾಕಲು?" ಮಕ್ಕಳನ್ನು ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನ ಮಾತು ಅದು.

ಯೋಬನ ಪುಸ್ತಕದ ಲಿವ್ಯಾತಾನ್ ಮೊಸಳೆ ಅಷ್ಟೇ ಅಲ್ವಾ?

1663ರಲ್ಲಿ ಫ್ರೆಂಚ್ ಪಂಡಿತ ಸಾಮ್ಯುಯೆಲ್ ಬೋಶಾರ್ ಹಾಗೆ ವಾದಿಸಿದರು, ಅದೇ ಪುಸ್ತಕದ ಇನ್ನೊಂದು ದೈತ್ಯ ಪ್ರಾಣಿ ಬೆಹೇಮೋತ್ ನೀರುಕುದುರೆ ಎಂದರು. ಬಿಗಿಯಾದ ಚಿಪ್ಪು, ಭಯಂಕರ ಹಲ್ಲು ನೋಡಿದರೆ ಮೊಸಳೆ ನೆನಪಾಗುವುದು ನಿಜ. ಆದರೆ ಮೊಸಳೆಯ ಬಾಯಿಂದ ಬೆಂಕಿ ಬರುವುದಿಲ್ಲ. 41ನೇ ಅಧ್ಯಾಯದ ಪ್ರಾಣಿ ಸೀನಿದರೆ ಬೆಳಕು ಚಿಮ್ಮುತ್ತದೆ, ಮೂಗಿನಿಂದ ಹೊಗೆ ಏಳುತ್ತದೆ. ಮೊಸಳೆಯಿಂದ ಒಂದಿಷ್ಟು ಬಣ್ಣ ತೆಗೆದುಕೊಂಡಿದ್ದರೂ ಇದು ಹಳೆಯ ಕಡಲ ಹಾವೇ.

ಆಶ್ಚರ್ಯ ಬೇರೆ ಕಡೆ ಇದೆ. ಇಲ್ಲಿ ದೇವರು ಅದನ್ನು ಕೊಂದೆ ಎಂದು ಹೇಳಿಕೊಳ್ಳುವುದಿಲ್ಲ. ಅದರ ಅಂಗಾಂಗಗಳನ್ನು ಒಂದೊಂದಾಗಿ ಮೆಚ್ಚಿ ಬಣ್ಣಿಸುತ್ತಾನೆ. ಯೋಬನನ್ನು ಕೇಳುತ್ತಾನೆ: ಇದಕ್ಕೆ ಗಾಳ ಹಾಕುತ್ತೀಯಾ? ಹಕ್ಕಿಯಂತೆ ಆಡಿಸುತ್ತೀಯಾ? ನಿನ್ನ ಮನೆಯ ಹುಡುಗಿಯರಿಗೆ ಆಡಲು ಕಟ್ಟಿಕೊಡುತ್ತೀಯಾ? ಕೊನೆಗೆ ಅದು ಈಜಿ ಹೋದ ಮೇಲೆ ಹಿಂದೆ ಉಳಿಯುವ ನೊರೆಯ ದಾರಿಯನ್ನೂ ತೋರಿಸುತ್ತಾನೆ. ಆಳಕ್ಕೆ ತಲೆ ನರೆತಿದೆಯೋ ಅನ್ನಿಸಬೇಕು, ಹಾಗೆ (41:32). ತನ್ನ ನೋವಿಗೆ ಕಾರಣ ಕೇಳಿದ ಮನುಷ್ಯನಿಗೆ ಸಿಕ್ಕ ಉತ್ತರ ಇದು. ಸಮಾಧಾನ ಕೊಡುತ್ತದೆಯೇ? ಓದಿದವರಲ್ಲಿ ಇಂದಿಗೂ ಒಮ್ಮತ ಇಲ್ಲ. ಯೋಬ ಕೇಳಿದ ಲೆಕ್ಕ ಮಾತ್ರ ಇಲ್ಲಿ ಸಿಗುವುದಿಲ್ಲ. ತನಗಾಗಿ ಮಾಡದ, ತನ್ನ ಅಳತೆಗೆ ನಿಲ್ಲದ ಒಂದು ಲೋಕ ಅವನಿಗೆ ಕಾಣುತ್ತದೆ.

ಕೀರ್ತನೆ 104:26ರಲ್ಲಂತೂ ಲಿವ್ಯಾತಾನನ್ನು ಉಂಟುಮಾಡಿದ್ದೇ ಕಡಲಲ್ಲಿ ಆಡಲು. ದೇವರು ದಿನದ ಕೊನೆಯ ಪಾಲಿನಲ್ಲಿ ಅದರ ಜೊತೆ ಆಡುತ್ತಾನೆ ಎಂದು ಯೆಹೂದಿ ಧರ್ಮಗ್ರಂಥ ತಾಲ್ಮೂದಿನ ರಬ್ಬಿಗಳು (ಪಂಡಿತರು) ಹೇಳಿದ್ದಾರೆ.

## ಇನ್ನೂ ಆಳಕ್ಕೆ

ಇದನ್ನೆಲ್ಲ ರಾಜರು ತಮ್ಮ ಗದ್ದುಗೆಗೆ ಬಳಸಿಕೊಳ್ಳಲಿಲ್ವಾ?

ಬಳಸಿಕೊಂಡರು. ಕ್ರಿ.ಪೂ. 18ನೇ ಶತಮಾನದಲ್ಲಿ ಯೂಫ್ರೆಟಿಸ್ ದಡದ ಮಾರಿ ನಗರದ ರಾಜ ಜಿಮ್ರಿಲಿಮನಿಗೆ ಬಂದ ಒಂದು ಪತ್ರವಿದೆ. ಅಲೆಪ್ಪೊದ ಗುಡುಗಿನ ದೇವರು ಪ್ರವಾದಿಯ ಬಾಯಲ್ಲಿ ಹೇಳುತ್ತಾನೆ: ನಾನು ಸಮುದ್ರವನ್ನು ಹೊಡೆದ ಆಯುಧಗಳನ್ನು ನಿನಗೆ ಕೊಟ್ಟೆ. ಕೀರ್ತನೆ 89 ಇದೇ ಜಾಡಿನದು. ಮೊದಲು ಯೆಹೋವನು ರಹಬನ್ನು ಜಜ್ಜುತ್ತಾನೆ. ಆಮೇಲೆ ಇಸ್ರಾಯೇಲರ ರಾಜ ದಾವೀದನ ಬಗ್ಗೆ "ಅವನ ಕೈಯನ್ನು ಸಮುದ್ರದ ಮೇಲೆ ಇಡುವೆನು" ಎಂಬ ಮಾತು (89:25). ನಮ್ಮ ರಾಜನ ಶತ್ರು ಅಂದರೆ ಲೋಕಕ್ಕೇ ಶತ್ರು ಎಂಬ ಭಾವನೆ ಇದರಿಂದ ಸುಲಭವಾಗಿ ಹುಟ್ಟುತ್ತದೆ. ನುಗ್ಗಿ ಬರುವ ಜನಾಂಗಗಳನ್ನು ಯೆಶಾಯ 17 ಮೊರೆಯುವ ನೀರಿಗೆ ಹೋಲಿಸುತ್ತದೆ. ಮನುಷ್ಯರನ್ನು ಘಟಸರ್ಪ ಎಂದು ಕರೆಯುವುದರಲ್ಲಿ ಅಪಾಯವಿದೆ, ಅದನ್ನು ಮುಚ್ಚಿಟ್ಟು ಓದಬಾರದು.

ಆದರೆ 89ನೇ ಕೀರ್ತನೆಯನ್ನು ಪೂರ್ತಿ ಓದಿ. 38ನೇ ವಚನದಿಂದ ಅದು ತಿರುಗಿ ಬೀಳುತ್ತದೆ. ಕಿರೀಟ ಮಣ್ಣಿಗೆ ಬಿದ್ದಿದೆ, ಕೋಟೆ ಹಾಳಾಗಿದೆ, ಕೊಟ್ಟ ಮಾತು ಎಲ್ಲಿ ಹೋಯಿತು? ರಾಜನಿಗಾಗಿ ಕಟ್ಟಿದ ಹಾಡು ರಾಜ್ಯ ಹೋದವರ ಕೂಗಾಗಿದೆ. ಅದನ್ನು ಹಾಗೇ ಉಳಿಸಿಕೊಂಡರು, ತಿದ್ದಲಿಲ್ಲ.

ಹೊಸ ಒಡಂಬಡಿಕೆಯಲ್ಲಿ ಇದು ಮುಂದುವರಿಯುತ್ತಾ?

ಹೌದು. ದೋಣಿಯಲ್ಲಿ ಮಲಗಿದ್ದ ಯೇಸು ಎದ್ದು ಗಾಳಿಯನ್ನು ಗದರಿಸಿ ಕಡಲಿಗೆ "ಸುಮ್ಮನಿರು" ಎಂದಾಗ (ಮಾರ್ಕ 4), ಶಿಷ್ಯರು "ಇವನು ಯಾರು?" ಎಂದು ಹೆದರಿದ್ದು ಕೀರ್ತನೆಗಳನ್ನು ಬಲ್ಲವರಾಗಿದ್ದರಿಂದ. ಪ್ರಕಟನೆ 21:1ರ ಹೊಸ ಲೋಕದಲ್ಲಿ ಸಮುದ್ರವೇ ಇಲ್ಲ.

ಪ್ರವಾಹ ಬಂದು ಮನೆ ಹೋದವರಿಗೆ ಈ ಪದ್ಯ ಓದಿ ಹೇಳಬಹುದಾ? "ಅಲೆಗಳು ದೇವರದ್ದೇ" ಅನ್ನೋ ಪದ್ಯಗಳೂ ಇವೆಯಲ್ಲ?

ಇವೆ. ಕೀರ್ತನೆ 42:7ರಲ್ಲಿ "ನಿನ್ನ ಅಲೆಗಳೆಲ್ಲ ನನ್ನ ಮೇಲೆ ಹಾದುಹೋದವು" ಎಂದಿದೆ. 88ರಲ್ಲಿ ಇನ್ನೂ ಕಟುವಾಗಿದೆ. ಶತ್ರುವಾಗಿದ್ದ ನೀರು ಇಲ್ಲಿ ದೇವರ ಕೈಯಿಂದಲೇ ಬರುತ್ತಿದೆ. ಆದರೆ ಆ ಮಾತು ಆಡುತ್ತಿರುವವರು ಯಾರು ಅಂತ ನೋಡಿ. ಮುಳುಗುತ್ತಿರುವವನು, ದೇವರಿಗೆ, ದೂರಾಗಿ ಹೇಳುತ್ತಿದ್ದಾನೆ. ದಡದಲ್ಲಿ ನಿಂತವನು ಮುಳುಗುವವನಿಗೆ ಹೇಳಿದ ಮಾತಲ್ಲ. ಹಾಗೆ ದಡದಿಂದ ಕಾರಣ ಹೇಳಿದವರು ಯೋಬನ ಗೆಳೆಯರು, ಪುಸ್ತಕದ ಕೊನೆಗೆ ದೇವರು ಸಿಟ್ಟಾಗುವುದು ಅವರ ಮೇಲೆ (42:7).

ಹಾಗಾಗಿ ಓದಿ ಹೇಳುವುದಾದರೆ 29ರ ಗುಡುಗನ್ನಾಗಲಿ 93ರ ಗೆಲುವನ್ನಾಗಲಿ ಮೊದಲು ತೆಗೆಯಬೇಡಿ. 77ನ್ನು ತೆಗೆಯಿರಿ. ಅದರ ಮೊದಲ ಅರ್ಧದಲ್ಲಿ ರಾತ್ರಿಯೆಲ್ಲ ನಿದ್ದೆ ಬಾರದವನು "ದೇವರು ದಯೆ ತೋರುವುದನ್ನು ಮರೆತನೇ?" ಎಂದು ಕೇಳುತ್ತಾನೆ. ಎರಡನೇ ಅರ್ಧದಲ್ಲಿ ನೀರು ದೇವರನ್ನು ಕಂಡು ನಡುಗುತ್ತದೆ. ಅವನು ಮಹಾಜಲದ ನಡುವೆ ದಾಟಿಹೋದ, ಹೆಜ್ಜೆಗುರುತು ಮಾತ್ರ ಯಾರಿಗೂ ಕಾಣಲಿಲ್ಲ ಎನ್ನುತ್ತದೆ 19ನೇ ವಚನ. ಕೇಳುವವರು ಮೊದಲ ಅರ್ಧಕ್ಕೇ ಸಾಕು ಎಂದರೆ ಅಲ್ಲಿಗೇ ನಿಲ್ಲಿಸಿ. ಅದೂ ಪ್ರಾರ್ಥನೆಯೇ.